ಕಣ್ಣು ಪಿಳುಕಿಸಬ್ಯಾಡ್ರಿ

ಬೀಳಗಿ ಬಸ್‌ಸ್ಟ್ಯಾಂಡಿನ ಎದುರು ನನ್ನ ಸ್ಟುಡಿಯೋ.
ಸ್ಟೂಲು ಒಂದು, ನೀಲಿ ಪರದೆ ಒಂದು,
ಕನ್ನಡಿಯ ಕೆಳಗೆ ಹಲ್ಲು ಮುರಿದ ಹಣಿಗೆ, ಪೌಡರ್ ಡಬ್ಬಿ.
ಇಪ್ಪತ್ತೆರಡು ವರ್ಷದಿಂದ ಹೇಳುತ್ತ ಬಂದದ್ದು ಮೂರೇ ಮಾತು:
ಗದ್ದ ಎತ್ತರಿ. ಉಸಿರು ಹಿಡೀರಿ. ಕಣ್ಣು ಪಿಳುಕಿಸಬ್ಯಾಡ್ರಿ.
ಸಾವುಕಾರರು ಕೇಳಿದ್ದಾರೆ, ಫೌಜುದಾರರು ಕೇಳಿದ್ದಾರೆ.
ಸತ್ತವರನ್ನು ಕುರ್ಚಿಯಲ್ಲಿ ಕೂಡಿಸಿ ಕರೆಕಳಿಸಿದಾಗ ಮಾತ್ರ
ಹೇಳುವ ಪ್ರಮೇಯ ಬಂದಿಲ್ಲ.

ಹಕ್ಕಿಯ ಹುಚ್ಚು ಹತ್ತಿದ್ದು ಮೊನ್ನೆ ಮೊನ್ನೆ.
ಮದುವೆ ಸೀಜನ್ನಿನ ದುಡ್ಡಿಗೆ ಹುಬ್ಬಳ್ಳಿಯಿಂದ
ಸೆಕೆಂಡ್ ಹ್ಯಾಂಡ್ ಲೆನ್ಸ್ ತಂದೆ, ಮೊಳದುದ್ದ,
ಬಸ್ಸಿನಲ್ಲಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು.
ಹಕ್ಕಿ ರೊಕ್ಕ ಕೊಡ್ತಾವೇನು? ಅಂದಳು ಮಹಾನಂದಾ.
ಕೊಡಂಗಿಲ್ಲ, ಅಂದೆ. ಉದ್ರೀನೂ ಹೇಳಂಗಿಲ್ಲ.

ಏಪ್ರಿಲ್. ಹಿನ್ನೀರು ಹಿಂದೆ ಸರಿದಿತ್ತು.
ಹೆರಕಲ್ಲಿನ ಆಚೆ, ಮುಳುಗಿ ಎದ್ದ ಹಳೆ ರಸ್ತೆಯ ಖಡಿ,
ಬಿರಿದ ಕೆಸರು, ಸಿಂಪಿನ ಚೂರು,
ನಡುವೆ ಟಿಟವಿ.
ಹಳದಿ ಕಾಲು, ಕಣ್ಣ ಮುಂದೆ ಕುಂಕುಮದ ಬೊಟ್ಟು ಜಾರಿದಂತೆ ಕೆಂಪು.
ನಾನು ಬಗ್ಗುವ ಮೊದಲೇ ಡಂಗುರ ಸಾರಿತು:
ಟಿಟ್ಟೀ ಟಿಟವೀ, ಟಿಟ್ಟೀ ಟಿಟವೀ.

ಹೊಟ್ಟೆಯ ಮೇಲೆ ತೆವಳಿದೆ. ಮೊಣಕೈಗೆ ನೆಗ್ಗಿನಮುಳ್ಳು.
ಫೋಕಸ್ ಕೂಡುವಷ್ಟರಲ್ಲಿ ಹಾರಿ ನಾಲ್ಕು ಮಾರು ದೂರ,
ಮತ್ತೆ ನೆತ್ತಿಯ ಮೇಲೆ, ಮತ್ತೆ ಎಡಕ್ಕೆ,
ರೆಕ್ಕೆ ಉಳುಕಿದವಳ ಹಾಗೆ ಎಳೆದುಕೊಂಡು ಒಂದು ಸುತ್ತು.
ಗದ್ದ ಎತ್ತಬೇ ತಾಯಿ, ಅಂದೆ. ಒಂದ ಚಣ ಉಸಿರು ಹಿಡಿ.
ಇನ್ನೂರು ಫೋಟೋ.
ನೂರಾ ತೊಂಬತ್ತರಲ್ಲಿ ಬರೀ ಆಕಾಶ.

ಕುರಿ ಹಿಂಡಿನ ಹಿಂದೆ ಮಾಳಪ್ಪ ಬಂದ, ಹೆಗಲಿಗೆ ಕಂಬಳಿ.
ಕೋಲಿಗೆ ಗದ್ದ ಊರಿ ನೋಡಿದ, ಬಹಳ ಹೊತ್ತು.
“ಎಷ್ಟೊತ್ತಾತು ಮಕ್ಕೊಂಡು?”
ತಾಸಾತು.
“ಅದರ ತತ್ತಿ ನಿನ್ನ ಬಲಗಾಲ ಹತ್ರ ಅದಾವ.
ಬಿಸಲಾಗ ಬೇಯಾಕ ಹತ್ಯಾವ.”

ತಿರುಗಿದೆ. ಖಡಿ. ಬರೀ ಖಡಿ.
ಕೋಲಿನ ತುದಿ ತೋರಿಸಿದ ಮೇಲೆ
ಖಡಿಯೊಳಗಿನ ನಾಲ್ಕು ಕಲ್ಲು ತುಸು ದುಂಡಗಾದವು,
ಮೈತುಂಬ ಕಂದು ಚುಕ್ಕೆ, ಚೂಪು ತುದಿ ಒಳಗೆ ಮಾಡಿ
ತಲೆಗೆ ತಲೆ ಕೊಟ್ಟು ಗುಟ್ಟು ಮಾತಾಡುವಂತೆ.
ನನ್ನ ಬೂಟಿಗೂ ಅವಕ್ಕೂ ನಡುವೆ ಒಂದು ಗೇಣು.

ಹೇಗೆ ಎದ್ದೆನೋ. ಲೆನ್ಸಿಗೆ ಮುಚ್ಚಳ ಹಾಕುವುದೂ ಮರೆತು
ಹಿಂದೆ ಹಿಂದೆ ನಡೆದೆ, ಜಾಲಿಗಿಡದ ತನಕ, ಅದನ್ನೂ ದಾಟಿ.
ಮಾಳಪ್ಪ ಹುರ್ರೋ ಎಂದು ಹಿಂಡನ್ನು ಆ ಕಡೆಗೆ ಹೊರಳಿಸಿದ.

ಆಗ ಬಂತು. ನೆಟ್ಟಗೆ ಬರಲಿಲ್ಲ,
ಮೊದಲು ನೀರಿಗೆ ಹೋಯಿತು.
ಕೃಷ್ಣೆಯ ಅಂಚಿಗೆ ಕುಕ್ಕರಿಸಿ, ಎದೆ ಅದ್ದಿ, ಎದ್ದು, ಮತ್ತೆ ಅದ್ದಿ,
ಒದ್ದೆ ಹೊಟ್ಟೆ ಹೊತ್ತು ಸಣ್ಣ ಸಣ್ಣ ಓಟದಲ್ಲಿ ಬಂದು
ತತ್ತಿಗಳ ಮೇಲೆ ನಿಂತಿತು. ಕೂಡಲಿಲ್ಲ. ನಿಂತಿತು.
ರೆಕ್ಕೆ ಚೂರು ಸಡಿಲಿಸಿ,
ಇದ್ದಷ್ಟು ನೆರಳನ್ನು ಅತ್ತಿತ್ತ ಸರಿಪಡಿಸುತ್ತ.

ಉಸಿರು ಹಿಡಿದಿದ್ದೆ. ಕಣ್ಣು ಪಿಳುಕಿಸಿರಲಿಲ್ಲ.
ಹೇಳುವವರು ಯಾರೂ ಇರಲಿಲ್ಲ.

“ತಗೀಯೋ ಫೋಟೋ,” ಅಂದ ಮಾಳಪ್ಪ.
ತೆಗೆದೆ, ಒಂದು.
ಅಷ್ಟು ದೂರಕ್ಕೆ ಸಿಕ್ಕಿದ್ದು ಖಡಿ, ಕೆಸರು,
ನೀರಿನಂತೆ ನಡುಗುವ ಝಳ.

ಅದನ್ನೇ ದೊಡ್ಡದು ಮಾಡಿಸಿ ಸ್ಟುಡಿಯೋದಲ್ಲಿ ತೂಗು ಹಾಕಿದ್ದೇನೆ,
ಬಾಸಿಂಗ ಕಟ್ಟಿದ ಮದುಮಕ್ಕಳ ಪಕ್ಕಕ್ಕೆ.
ಗುತ್ತಿಗೆದಾರ ಕೇಳಿದ: ಟೆಂಡರಿಗೆ ಹಚ್ಚೂದೇನ್ರಿ ಇದು?
ಆಧಾರ್ ಕಾರ್ಡಿಗೆ ಬಂದ ಹುಡುಗ ಕೇಳಿದ: ಚಂದ್ರಾನ?
ಹೂಂ, ಅಂದೆ, ಗದ್ದ ಎತ್ತು.

ಮಹಾನಂದಾ ಧೂಳು ಒರೆಸುವಾಗ
ಎಲ್ಲ ಕಡೆ ರಪರಪ, ಒಂದು ಮೂಲೆಯಲ್ಲಿ ಮಾತ್ರ
ಬಟ್ಟೆಯನ್ನು ಮೆತ್ತಗೆ ಆಡಿಸುತ್ತಾಳೆ, ಬಿದ್ದೀತು ಎಂಬಂತೆ.
ಅದು ಆ ಜಾಗ ಅಲ್ಲ.
ನಾನು ಹೇಳಿಲ್ಲ.