ಒಂದಕ್ಕೆ ಮೂವತ್ತೈದು

ವಾರವೆಲ್ಲ ನನ್ನ ಕೆಲಸ ಬೇರೆಯವರ ಹಲ್ಲು.
ಡಾಕ್ಟರು ಚೀಟಿಯಲ್ಲಿ ಎ-ಮೂರು ಎಂದು ಬರೆದು ಕಳಿಸುತ್ತಾರೆ,
ನಾನು ಪಿಂಗಾಣಿ ಪುಡಿಗೆ ನೀರು ಬೆರೆಸಿ
ಮೂವತ್ತು ವರ್ಷ ಕಾಫಿ ಕುಡಿದಂಥ ಹಲ್ಲೊಂದನ್ನು
ಕುಲುಮೆಯಲ್ಲಿ ಸುಟ್ಟು ತೆಗೆಯುತ್ತೇನೆ.
ಬಿಳಿ ಎಂಬ ಬಣ್ಣವೇ ಇಲ್ಲವೆಂದು
ಕೆಲಸಕ್ಕೆ ಸೇರಿದ ವರ್ಷವೇ ಗೊತ್ತಾಯಿತು.

ಭಾನುವಾರದ್ದು ಬೇರೆ.
ಎರಡು ಗೇಣು ಪ್ಲೈವುಡ್ಡಿನ ಮೇಲೆ
ಅಬ್ಬಾನ ಚರಕದ ಶೆಡ್ಡು, ಶಿಡ್ಲಘಟ್ಟದ ಹಳೇ ಗಲ್ಲಿಯಲ್ಲಿದ್ದದ್ದು,
ಒಂದಕ್ಕೆ ಮೂವತ್ತೈದರ ಲೆಕ್ಕದಲ್ಲಿ.
ಐಸ್‌ಕ್ರೀಮ್ ಕಡ್ಡಿಯ ತೊಲೆ,
ಮಾತ್ರೆ ಸುಲಿದ ತಗಡಿನ ಸೂರು,
ಬೇಸಿನ್ನುಗಳಿಗೆ ಶರ್ಟಿನ ಗುಂಡಿ.
ಗೂಡುಗಳಿಗೆ ಗಸಗಸೆ.

ಆ ಗಸಗಸೆಯ ಹಳದಿ ಕೈಗೆ ಸಿಕ್ಕಿದ್ದು ನಾಲ್ಕನೇ ವಾರ.
ಅಂಗಡಿಯ ನಿಂಬೆಹಳದಿ ಕಿರುಚುತ್ತಿತ್ತು.
ಬಿಳಿ ಹಾಕಿದೆ, ಮಜ್ಜಿಗೆಯಾಯಿತು.
ಕಾವಿ ಹಾಕಿದೆ, ತೊಗರಿಬೇಳೆ.
ಕೊನೆಗೆ ಸೂಜಿಮೊನೆಯಷ್ಟು ಹಸಿರು,
ಹುಳ ತಿಂದದ್ದು ಸೊಪ್ಪು ತಾನೆ,
ಆಗ ಬಂತು, ಮಾರ್ಕೆಟ್ಟಿನ ಜಾಲರಿಯಲ್ಲಿ
ಅಬ್ಬಾ ಮುಷ್ಟಿ ತುಂಬಾ ಎತ್ತಿ
ಕಿವಿಯ ಹತ್ತಿರ ಅಲುಗಿಸುತ್ತಿದ್ದ ಬಣ್ಣ.

ಕೆಡಿಸಿ ಕಲಿತದ್ದೂ ಒಂದಿದೆ.
ಬಾಗಿಲಿಗಿದ್ದ ನೀಲಿಯನ್ನೇ, ಅದೇ ಕಂಪನಿಯ ಅದೇ ಡಬ್ಬಿ ತಂದು
ಎರಡು ಬೆರಳಗಲದ ಬಾಗಿಲಿಗೆ ಬಳಿದರೆ
ಕಪ್ಪಾಗಿ ಕೂತಿತು.
ಚಿಕ್ಕದರ ಮುಂದೆ ನಾವು ದೂರ ನಿಂತ ಹಾಗೆ ಲೆಕ್ಕ.
ನಡುವೆ ಇರಬೇಕಿದ್ದ ಗಾಳಿಯನ್ನು
ಬಣ್ಣದೊಳಗೇ ಕಲಸಬೇಕು:
ಹತ್ತು ಹನಿ ನೀಲಿಗೆ ಎರಡು ಬೂದು, ಒಂದು ಬಿಳಿ.
ಕರಿಬಣ್ಣದ ಸೀಸೆ ಮುಟ್ಟುವಂತೆಯೇ ಇಲ್ಲ.
ಮಸಿ ಹಿಡಿದ ಒಲೆಯ ಬಾಯಿಗೂ
ಕಂದು, ನೀಲಿ ಸೇರಿಸಿದ ಕತ್ತಲು.

ಮುಬೀನ್ ಖಾಲಾ ನೋಡಲು ಬಂದಳು,
ಹದಿನೆಂಟು ವರ್ಷ ಎರಡನೇ ಬೇಸಿನ್ನಿನ ಮುಂದೆ ಕೂತವಳು.
ಕನ್ನಡಕ ಏರಿಸಿ, ಇಳಿಸಿ,
"ಗೋಡೆ ಇಷ್ಟು ಚೊಕ್ಕಟ ಯಾವತ್ತಿತ್ತು?"
ತಿಳಿಹಸಿರು, ನನಗೆ ನೆನಪಿದೆ, ಎಂದೆ.
"ಹಸಿರು ನಿಜ. ನೀನು ಹೊಸಿಲಲ್ಲಿ ನಿಂತು ನೋಡಿದ್ದು.
ಒಳಗಿಂದ ಅದು ಬೆವರು."
ಚಹಾದ ಡಿಕಾಕ್ಷನ್ನು ತೆಳ್ಳಗೆ ಮಾಡಿ
ಸೂರಿನಡಿಯಿಂದ ಇಳಿಬಿಟ್ಟೆ,
ಬೇಸಿನ್ನುಗಳ ಹಿಂದೆ ಮೂರು ಸಲ.
ಹೂಂ, ಅಂದಳು.

"ಹುಳ ಎಲ್ಲಿ?"
ಯಾವ ಹುಳ?
"ನೂಲು ಹೋದ ಮೇಲೆ ಉಳಿಯೋದು ಕಣೇ. ಕಾಲ ಕೆಳಗೆ.
ಚಪ್ಪಲಿಗಂಟಿ ಮನೆವರೆಗೂ ಬರ್ತಿತ್ತು,
ನಿಮ್ಮಮ್ಮಿ ಬಕೆಟ್ಟು ಹಿಡಕೊಂಡು ನಿಂತಿರ್ತಿದ್ದಳಲ್ಲ."
ಮರೆತೇಹೋಗಿತ್ತು.
ಕಂದು ಕಲಸಲು ತಟ್ಟೆ ಎಳೆದುಕೊಂಡೆ.
ಖಾಲಾ ಆಗಲೇ ಅಡುಗೆಮನೆಯಲ್ಲಿ.
ಜರಡಿಯ ಅಂಚಿನಿಂದ ಒಂದು ಚಿಟಿಕೆ ರಾಗಿ ತೌಡು ತಂದು
ಗುಂಡಿಗಳ ಬುಡಕ್ಕೆ ಉದುರಿಸಿ, ಮೆಲ್ಲಗೆ ಊದಿದಳು.
"ಇದಕ್ಕೆ ಬಣ್ಣ ಬೇಡ."

ಉಳಿದದ್ದು ಕೈ.
ಹೆಬ್ಬೆರಳ ತುದಿಯಷ್ಟಿನ ಐದು ಹೆಂಗಸರು,
ಮುಖಕ್ಕೆ, ತೋಳಿಗೆ ಮೈಬಣ್ಣ ಸುಲಭಕ್ಕೆ ಒಪ್ಪಿತು.
ಬೆರಳ ತುದಿಗಳು ಒಪ್ಪಲಿಲ್ಲ.
ದಿನವಿಡೀ ಕುದಿನೀರಲ್ಲಿ ಎಳೆ ಹುಡುಕಿ
ನಿರಿಗೆ ಬಿದ್ದು ಬೆಳ್ಳಗಾಗಿರುತ್ತಿದ್ದವು,
ಅದು ಎಂಥ ಬೆಳ್ಳಗೆ?
ಕೈ ಕೊಡು ಖಾಲಾ, ಎಂದೆ.
ಕಿಟಕಿಯ ಬೆಳಕಿಗೆ ಹಿಡಿದು, ಅಭ್ಯಾಸಬಲ,
ಹಲ್ಲಿನ ಮಾದರಿ ಪಟ್ಟಿ ತೆಗೆದು
ಒಂದೊಂದೇ ಬೆರಳಿಗೆ ತಾಗಿಸಿ ನೋಡಿದೆ.
ಹದಿನಾರರಲ್ಲಿ ಒಂದೂ ಹೊಂದಲಿಲ್ಲ.
ಶೆಡ್ಡು ಮುಚ್ಚಿ ಹನ್ನೊಂದು ವರ್ಷ,
ಬೆರಳುಗಳು ತಮ್ಮ ಬಣ್ಣಕ್ಕೆ ಮರಳಿದ್ದವು.

"ನೀರಲ್ಲಿ ಅದ್ದಿಬಿಡು," ಅಂದಳು,
"ಆಗ ಯಾರು ನೋಡಿದ್ದರು ಅಂತ."
ತಮಾಷೆಗೆ ಅಂದಳೋ ಏನೋ.
ಚಹಾ ಮುಗಿಸಿ ಬಸ್ಸಿಗೆ ಹೊರಟಳು.

ನಾಲ್ವರ ಕೈಗಳನ್ನು ಅಂಟಿನ ನೀರಿಗೆ ಇಳಿಸಿದ್ದೇನೆ.
ಎರಡನೇ ಬೇಸಿನ್ನಿನವಳ ಬಲಗೈ ಮಾತ್ರ ಮೇಲಿದೆ,
ಕೂದಲು ಹಿಂದೆ ತಳ್ಳುವ ಹಾಗೆ.
ಬಣ್ಣ ಇನ್ನೂ ಹಚ್ಚಿಲ್ಲ.
ನಾಳೆ ಸೋಮವಾರ. ಎ-ಮೂರೂವರೆ ಒಂದು, ಬಿ-ಎರಡು ಎರಡು.
ಕುಲುಮೆ ಕಾಯಲು ಹೊತ್ತು ಹಿಡಿಯುತ್ತದೆ.