ಹಣಿಗೆಯ ಸಂದು

ಮೂರನೇ ಸಲ ಬಂದಿದ್ದಾರೆ ಸಾತಲಿಂಗಪ್ಪ,
ಸೋಲಾಪುರದ ಸಾಖರ ಪೇಟದಿಂದ, ಮೊಮ್ಮಗಳ ಸ್ಕೂಟಿಯ ಹಿಂದೆ ಕೂತು.
ಉಗುರು ಸುಣ್ಣದ ಬಣ್ಣ. ಹಿಮೋಗ್ಲೋಬಿನ್ ಐದೂವರೆ.

ಹೋದ ತಿಂಗಳು ಎರಡು ಬಾಟ್ಲಿ ರಕ್ತ ಏರಿಸಿದ್ದೆವು.
ಎಲ್ಲಿ ಹೋಯಿತು ಅದು?

ಡಾಕ್ಟರು ಮರಾಠಿಯಲ್ಲಿ ಕೇಳುತ್ತಾರೆ, ನಾನು ಕನ್ನಡಕ್ಕೆ ತರುತ್ತೇನೆ.
ಇಪ್ಪತ್ತು ವರ್ಷದಿಂದ ಇದೇ ಕೆಲಸ:
ನಳಿಕೆ ತೊಳೆಯುವುದು, ಮಾತು ದಾಟಿಸುವುದು.
"ಹೊರಕಡಿಗೆ ಹೋದಾಗ ಬಣ್ಣ ಹೆಂಗಿರತದ್ರಿ ಅಜ್ಜಾರ?"
ಮೊಮ್ಮಗಳನ್ನು ಆಚೆ ಕಳಿಸಿದ ಮೇಲೆ ಹೇಳಿದರು:
"ಡಾಂಬರ."
ನೂಲಿಗೆ ಬಣ್ಣ ಕಟ್ಟಿದ ಕೈಯಲ್ಲವೇ, ತಿದ್ದಿಕೊಂಡರು:
"ಹಳೇ ರಸ್ತಾದ್ದಲ್ಲ. ಈಗ ಹಾಕಿದ್ದು. ಅಂಟು, ಹೊಳಪು."
ಕಬ್ಬಿಣದ ಗುಳಿಗೆಯ ಕಪ್ಪಿಗೆ ಆ ಹೊಳಪಿಲ್ಲ.
ಡಾಕ್ಟರು ಬರೆಯುವುದು ನಿಲ್ಲಿಸಿದರು.

ಮಂಡಿನೋವಿಗೆ ಗುಳಿಗೆ? ಇಲ್ಲ.
ಬಾಯಿಂದ ಇಳಿಸಿದ ನಳಿಕೆಗೆ ಹುಣ್ಣು ಸಿಕ್ಕಿರಲಿಲ್ಲ,
ಕೆಳಗಿನಿಂದ ಹೋದದ್ದೂ ಬರಿಗೈಲಿ ಮರಳಿತ್ತು.
ಮೂಲವ್ಯಾಧಿ ಎಂದರು ಯಾರೋ, ಹುಳ ಎಂದರು ಇನ್ಯಾರೋ,
ವಯಸ್ಸು ಎಂದರು ಎಲ್ಲರೂ.
ವಯಸ್ಸಿಗೆ ರಕ್ತ ಹೀರುವ ಬಾಯಿ ಎಲ್ಲಿದೆ?

ಈಕೆ ಹೊಸಬರು. ಹೊಟ್ಟೆ ಬಿಟ್ಟು ಎದೆ ಆಲಿಸಿದರು,
ಬಹಳ ಹೊತ್ತು,
ಆ ಸದ್ದಿನ ಬೆನ್ನು ಹತ್ತಿ ಕುತ್ತಿಗೆಯ ತನಕ.
ನನ್ನ ಕಿವಿಗೂ ಕೊಟ್ಟರು:
ಎರಡು ಬಡಿತಗಳ ನಡುವೆ ಒಂದು ಒರಟು ಉಸಿರು,
ಬಿಗಿದ ಬಾಗಿಲಲ್ಲಿ ಯಾರೋ ಓರೆಯಾಗಿ ನುಸುಳಿದ ಹಾಗೆ.

ಹೇಳಿ ಇವರಿಗೆ, ಎಂದರು. ಕವಾಟ ಸುಣ್ಣಗಟ್ಟಿದೆ.
ರಕ್ತದಲ್ಲಿ ಉದ್ದನೆಯದೊಂದು ಎಳೆಯಿದೆ, ಸೋರುವಲ್ಲಿ ಗಂಟು ಹಾಕುವಂಥದು,
ಆ ಸಂದಿನಲ್ಲಿ ತೂರುವಾಗ ತುಂಡಾಗುತ್ತಿರಬಹುದು.
ಕರುಳಿನ ಗೋಡೆಯ ಸಣ್ಣ ನಾಳಗಳು ಹಾಗೇ ಬಿಟ್ಟುಕೊಳ್ಳುತ್ತವೆ.

ನಾನು ತಡವರಿಸಿದೆ. ಕವಾಟ, ಎಳೆ, ಸಂದು...
ಅರ್ಧಕ್ಕೇ ಕೈ ಎತ್ತಿದರು ಸಾತಲಿಂಗಪ್ಪ:
"ಹಣಿಗಿ ಸಂದ್ಯಾಗ ಕಸ ಕೂತದ ಅನ್ರಿ.
ನೂಲು ಹರಿಯೋದು ಅಲ್ಲಿ,
ತೂತು ಕಾಣೋದು ಚಾದರದಾಗ.
ಇಷ್ಟ ದಿನ ಚಾದರ ತಿರುವಿ ತಿರುವಿ ನೋಡಿದ್ರಿ."

ಏನಂದರು, ಎಂದು ಡಾಕ್ಟರು ಕೇಳಿದರು.
ಹಣಿಗೆಗೆ ಮರಾಠಿ ಮಾತು ನನಗೆ ಹೊಳೆಯಲಿಲ್ಲ.
ಎರಡೂ ಕೈಯ ಬೆರಳು ಬಿಡಿಸಿ ತೋರಿಸಿದೆ.

ಎಕೋ ಬರೆದರು. ಮತ್ತೊಂದು ಬಾಟ್ಲಿ ತೂಗಿತು.
ಖಾತರಿಯೇನಿಲ್ಲ ಎಂಬುದನ್ನೂ ನಾನೇ ದಾಟಿಸಿದೆ.
ಅವರು ಕೇಳಿಸಿಕೊಂಡರೋ ಇಲ್ಲವೋ,
ಮಂಚದ ಚಾದರದ ಅಂಚನ್ನು ಹೆಬ್ಬೆರಳಲ್ಲಿ ತಿಕ್ಕುತ್ತಿದ್ದರು:
"ಎಳಿ ಕಮ್ಮಿ ಹಾಕ್ಯಾರ, ಕಳ್ಳರು."