ಹಿಡಿದ ಹೊಲಿಗೆ

ಶ್ರೀರಾಂಪುರದ ನನ್ನ ಗೂಡಂಗಡಿಗೆ
ಕಂಡಕ್ಟರ್ ವನಜಾಕ್ಷಿ ಖಾಕಿ ಅಂಗಿ ತಂದಳು:
"ಎರಡಿಂಚು ಹಿಡಿದುಕೊಡಿ, ಸೆಲ್ವಕ್ಕ."

ಹೋದ ಯುಗಾದಿಗೆ ಇದೇ ಅಂಗಿಯ
ಪಕ್ಕದ ಹೊಲಿಗೆ ಬಿಚ್ಚಿ ಅಗಲಿಸಿದವಳು ನಾನೇ.
ಇನ್ನು ಬಿಡಲು ಬಟ್ಟೆಯೇ ಉಳಿದಿರಲಿಲ್ಲ.

ಅನ್ನ ಬಿಟ್ಟಿದ್ದಾಳಂತೆ. ಮುದ್ದೆಯನ್ನೂ.
ಡಬ್ಬಿಯಲ್ಲಿ ಮೊಟ್ಟೆ, ಪನೀರು, ತುಪ್ಪದಲ್ಲಿ ಬಾಡಿಸಿದ ಸೊಪ್ಪು.
ಮೆಜೆಸ್ಟಿಕ್ಕಿನಲ್ಲಿ ಇಡ್ಲಿಯ ಹಬೆ ಮೂಗಿಗೆ ಬಡಿದರೆ
ಜೋರಾಗಿ ಸೀಟಿ ಊದುತ್ತಾಳಂತೆ.

ಕಾಲರೂ ಸಡಿಲ. ಟೇಪು ಸುತ್ತುವಾಗ ಕಂಡೆ:
ಹಿಂಗತ್ತಿನ ಆ ಕಪ್ಪು ಪಟ್ಟಿ,
ಕೊಳೆಯೆಂದು ಅವಳಮ್ಮ ಕಡಲೆಹಿಟ್ಟಿನಲ್ಲಿ ತಿಕ್ಕಿದ್ದು,
ಇನ್ಸುಲಿನ್ ಮಾತು ಕೇಳದ ಮೈಯ ಗುರುತೆಂದು ಡಾಕ್ಟರು ಅಂದದ್ದು,
ಹತ್ತಾರು ಒಗೆತ ಕಂಡ ಖಾಕಿಯಂತೆ
ತಿಳಿಯಾಗಿದೆ.

ಎರಡಿಂಚು ಹಿಡಿದೆ.
ಹೆಚ್ಚಾದದ್ದನ್ನು ಕತ್ತರಿಸದೆ ಒಳಗೇ ಮಡಚಿದೆ.
ನೋಡಿದಳು. ಬೇಡ ಅನ್ನಲಿಲ್ಲ.